ಹೆಬ್ಬೆಟ್ಟು ಒತ್ತು

ಸಹಿ ಹಾಕಲು ಬಗ್ಗಿದ್ದ ಅಕ್ಬರಿ ಬೇಗಂ ಕೈಯಿಂದ ಮಗಳು ಆಯಿಷಾ ಪೆನ್ನು ಕಿತ್ತುಕೊಂಡು ಇಂಕ್ ಪ್ಯಾಡನ್ನು ಮುಂದೆ ತಳ್ಳಿದಳು. "ಸೈನ್ ಬೇಡ ಅಮ್ಮಿ, ಹೆಬ್ಬೆಟ್ಟು ಒತ್ತು. ನಿಂಗೆ ಓದು ಬರಹ ಬರಲ್ಲ ಅಂತ ಬರ್ದಿದೀನಿ."

ದೆಹಲಿಯ ಕಾಲೇಜಿನ ಅಡ್ಮಿಷನ್ನಿಗೆ ಕಳಿಸುವ ಪ್ರಬಂಧ ಅದು. ಮೇಲೆ ಬರೆದದ್ದೆಲ್ಲ ನಿಜವೆಂದು ಪೋಷಕರು ಕೆಳಗೆ ಒಪ್ಪಿಕೊಳ್ಳಬೇಕಿತ್ತು. ರಾಮನಗರದ ಹೈಸ್ಕೂಲಿನಲ್ಲಿ ಎಸೆಸೆಲ್ಸಿ ಫಸ್ಟ್ ಕ್ಲಾಸಲ್ಲಿ ಪಾಸಾದವಳು ಅಕ್ಬರಿ. ಈ ಮಗಳ ಕೈ ಹಿಡಿದು ಅ ಆ ಇ ಈ ತಿದ್ದಿಸಿದ್ದೂ ಅವಳೇ.

"ಓದಿರೋ ತಾಯಿ ಇದ್ರೆ ನನ್ ಕಷ್ಟ ಯಾರ್ ನಂಬ್ತಾರೆ? ಸುಮ್ನೆ ಒತ್ತು."

ಅಕ್ಬರಿ ಹೆಬ್ಬೆರಳಿಗೆ ಶಾಯಿ ಬಳಿದುಕೊಂಡು, ತಿಗಣೆ ಸಾಯಿಸುವ ಹಾಗೆ ಹಾಳೆಯ ಮೇಲೆ ಅದುಮಿದಳು. ನುಣ್ಣನೆಯ ನೀಲಿ ಮಚ್ಚೆಯೊಂದು ಮೂಡಿತು.

"ಸರಿಯಾಗಿ ಒತ್ತಕ್ಕೂ ಬರಲ್ವಾ? ಒಂದು ಗೆರೆನೂ ಬಂದಿಲ್ಲ!"

"ಎಲ್ಲಿಂದ ಬತ್ತದೆ? ನಿನ್ನ ಓದಿಸಕ್ಕೇಂತ ಹದಿನೆಂಟು ವರ್ಷ ಕುದಿಯೋ ನೀರಿಗೆ ಕೈ ಹಾಕಿ ಗೂಡಿಂದ ರೇಷ್ಮೆ ತೆಗ್ದಿದೀನಿ. ಗೆರೆಯೆಲ್ಲ ಅಲ್ಲೇ ಬೆಂದೋಯ್ತು. ರೇಷನ್ ಅಂಗಡಿ ಮಿಷಿನ್ನೂ ನನ್ನ ಬೆರಳು ಒಪ್ಪಲ್ಲ."

ಆಯಿಷಾ ಅಮ್ಮನ ಕೈಯನ್ನು ಹಿಡಿದೆಳೆದು, ಕಿಟಕಿಯ ಬೆಳಕಿಗೆ ತಿರುಗಿಸಿ, ಒಂದೊಂದೇ ಬೆರಳನ್ನು ನೋಡಿದಳು. ಈಗಲಾದರೂ ಇವಳ ಕಣ್ಣಲ್ಲಿ ನೀರು ಬಂದೀತು ಎಂದುಕೊಂಡಳು ಅಕ್ಬರಿ.

"ಇದನ್ನ ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ?" ಎಂದು ರೇಗಿದ ಮಗಳು, ಹೊಸ ಹಾಳೆ ತೆಗೆದು ಪೆನ್ನಿನ ಕ್ಯಾಪ್ ಬಿಚ್ಚಿದಳು. "ಎಷ್ಟ್ ವರ್ಷ ಅಂದೆ, ಹದಿನೆಂಟಾ?"