ಬಾಣಂತಿಯ ಇದ್ದಿಲು

“ಕಾಫಿ ಗಿಡದ ಇದ್ದಿಲು ಕಣ್ರೋ, ಅಂಗಡೀಲಿ ಸಿಗಲ್ಲ,” ಎಂದು ಧನಂಜಯ ಗೆಳೆಯರಿಗೆ ಮಾಂಸ ಹೊಗೆಯಾಡಿಸುವ ಹೊಸ ಸ್ಮೋಕರ್ ತೋರಿಸುತ್ತಿದ್ದಾಗ, ತಂಗಿ ಸಿಂಚನಾಳ ಕೈಯಲ್ಲಿ ಆ ಇದ್ದಿಲು ತುಂಬಿಟ್ಟಿದ್ದ ಗೋಣಿಚೀಲ ಖಾಲಿಯಾಗಿತ್ತು. ಅಕ್ಕನ ಬಾಣಂತನಕ್ಕೆಂದು ಬಚ್ಚಲೊಲೆಯ ಕೆಂಡವನ್ನು ದಿನಾ ನೀರು ಚಿಮುಕಿಸಿ ಆರಿಸಿ, ಒಣಗಿಸಿ ಕೂಡಿಟ್ಟವಳು ಅವಳೇ. ಒಳಗೆ ಹಸುಗೂಸಿಗೆ ಎಣ್ಣೆನೀರಾಗಿತ್ತು. ಮೈ ಕಾಯಿಸಲು ಅಗ್ಗಿಷ್ಟಿಕೆಯಲ್ಲಿ ಬೂದಿ ಬಿಟ್ಟರೆ ಏನೂ ಇರಲಿಲ್ಲ.

“ಇದ್ದಿಲಿಗೂ ಮುಖ ಊದಿಸ್ತಾಳಲ್ಲ ಮಾರಾಯ!” ಎಂದು ಗೆಳೆಯರತ್ತ ನಕ್ಕ ಧನಂಜಯ, ತಂಗಿಗೆ, “ನಾಳೆ ತಂದ್ಕೊಟ್ರಾಯ್ತು ಬಿಡೇ,” ಎಂದ.

ಅಣ್ಣನ ಗೆಳೆಯರೆದುರು ಎಂದೂ ತಲೆಯೆತ್ತದ ಸಿಂಚನಾ ಒಳಹೋಗಿ ಅಗ್ಗಿಷ್ಟಿಕೆಯನ್ನೂ ಇಕ್ಕಳವನ್ನೂ ತಂದಳು. ಸ್ಮೋಕರ್‌ನ ಮುಚ್ಚಳ ತೆಗೆದು ಅಣ್ಣನ ಕೈಗೆ ತುರುಕಿ, ಹಂದಿಮಾಂಸದ ಅಡಿಯಿಂದ ಕೆಂಡ ಹೆಕ್ಕತೊಡಗಿದಳು.

“ಏಯ್, ಇನ್ನೂ ಬೆಂದಿಲ್ಲ ಕಣೇ!”

“ಹಸೀದೇ ತಿನ್ನಿ,” ಎಂದಳು, ಎಲ್ಲರಿಗೂ ಕೇಳುವಂತೆ.

ಕೊನೆಯ ಕೆಂಡ ಹೊರಬರುವವರೆಗೂ ಧನಂಜಯ ಮುಚ್ಚಳ ಹಿಡಿದೇ ನಿಂತಿದ್ದ.