ಎರಡನೇ ಕಮಾನು

ನಮ್ಮೂರ ಹೊಳೆಯ ಮೇಲಿನ ಕಲ್ಲಿನ ರೈಲು ಸೇತುವೆಗೆ ನೂರ ಇಪ್ಪತ್ತು ವರ್ಷ ತುಂಬಿತು. ಅದರ ನೆನಪಿಗೆ ಒಂದು ಕಲ್ಲು ಕೆತ್ತಿಸಬೇಕೆಂದು ರೈಲ್ವೆಯ ಹೊಸ ಮೇಡಂ ನನ್ನನ್ನು ಹುಡುಕಿಕೊಂಡು ಬಂದರು. ಅದನ್ನು ಕಟ್ಟಿದ ಕಲ್ಲುಕುಟಿಗರ ವಂಶದಲ್ಲಿ ಊರಲ್ಲಿ ಉಳಿದವನು ನಾನೊಬ್ಬನೇ. ಓದು ಅಷ್ಟಕ್ಕಷ್ಟೆ, ಆದರೆ ಬರೆದುಕೊಟ್ಟ ಅಕ್ಷರ ಕೆತ್ತಬಲ್ಲೆ.

"ಸೇತುವೆಗೂ ನಿಮಗೂ ಒಂದೇ ವಯಸ್ಸೇನಜ್ಜಾ?" ಎಂದು ನಕ್ಕರು.

"ನಾನು ಸ್ವಲ್ಪ ಚಿಕ್ಕವನು. ಏನು ಕೆತ್ತಬೇಕು, ಓದು ತಾಯಿ."

ಓದಿದರು: "ಕಮಾನಿಗೆ ಕೊಟ್ಟಿದ್ದ ಮರದ ಆಸರೆ ಬಿಚ್ಚಿದ ದಿನ, ಕಟ್ಟಿಸಿದ ಇಂಗ್ಲಿಷ್ ಇಂಜಿನಿಯರ್ ದೊರೆ ಹೆಂಡತಿ ಮಕ್ಕಳೊಡನೆ ಅದರ ಕೆಳಗೇ ನಿಂತನು. ಒಂದು ಕಲ್ಲೂ ಅಲುಗಲಿಲ್ಲ."

"ನಿಜ. ಆದರೆ ಇನ್ನೊಂದು ಸಾಲು ಸೇರಿಸಿದರೆ ಮಾತ್ರ ನಾನು ಉಳಿ ಮುಟ್ಟೋದು."

"ನಿಮ್ಮ ಹೆಸರು ತಾನೇ? ಹಿಂದುಗಡೆ ಹಾಕೋಣ ಬಿಡಿ. ದೊರೆಯ ಗುಂಡಿಗೆ ನೋಡಿ, ಎಂಥದು!"

"ಹಠ ಹಿಡಿದು ಅವನನ್ನು ಅಲ್ಲಿ ನಿಲ್ಲಿಸಿದವನು ನಮ್ಮ ಮುತ್ತಜ್ಜ. ಈ ಸಲ ನಿಮ್ಮ ಮನೆಯವರು ನಿಂತರೇ ನಾನು ಆಸರೆ ಬಿಚ್ಚೋಕೆ ಸುತ್ತಿಗೆ ಎತ್ತೋದು ಅಂದ. ಆಮೇಲೆ ದೊರೆ, ಗಾರೆ ಒಣಗಲಿ ಅಂತ ಎರಡು ತಿಂಗಳು ಕಾದ."

"ಈ ಸಲ ಅಂದರೆ?"

"ಅದು ಎರಡನೇ ಕಮಾನು. ಮೊದಲನೇದಕ್ಕೆ ಹತ್ತೇ ದಿನ ಕಾದಿದ್ದ."

ಮೇಡಂ ಹಾಳೆ ಮಡಿಸಿದರು. "ಆ ಸಾಲು ಯಾವುದಜ್ಜಾ?"

"ಬರಕೋ ತಾಯಿ. ಬಿದ್ದ ಮೊದಲನೇ ಕಮಾನಿನ ಕೆಳಗೆ ದೊರೆ ನಿಲ್ಲಿಸಿದ್ದು ಕಲ್ಲುಕುಟಿಗನ ಹೆಂಡತಿ ಸುಂಕವ್ವನನ್ನು, ಅವಳ ಇಬ್ಬರು ಹೆಣ್ಣುಮಕ್ಕಳನ್ನು."