ಬೇಸಿಗೆಯ ಪೆಟ್ಟಿಗೆ

ಹೇಳಿಕೊಳ್ಳಲು ನಾಚಿಕೆ, ಆದರೂ ಭಯ: ಮಲಗಿಸಿದ ಮೇಲೆ ನನ್ನನ್ನು ಎಬ್ಬಿಸುವುದು ಅಪ್ಪ-ಅಮ್ಮನಿಗೆ ನೆನಪಿರುತ್ತದೋ ಇಲ್ಲವೋ.

ಬೇಸಿಗೆ ಬಂತೆಂದರೆ ನಮ್ಮ ಬೀದಿಯಲ್ಲಿ ಮನೆಗೊಬ್ಬರನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಅವರ ಊಟ, ನೀರು, ಬಟ್ಟೆಯ ಖರ್ಚೆಲ್ಲ ಉಳಿಯುತ್ತದೆ. ಮಳೆ ಶುರುವಾದ ಮೇಲೆ ಎಬ್ಬಿಸುತ್ತಾರೆ.

ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚಿ, ಒಳಗೆ ಸಿಕ್ಕಾಗದಂತೆ ಬಿಗಿಯಾಗಿ ಜಡೆ ಹೆಣೆದಳು.

"ನಮ್ಮ ಮೇದಿನಿ ಎದ್ದಿದ್ರೂ ಒಂದೇ, ಮಲಗಿದ್ರೂ ಒಂದೇ. ಬಾಯೇ ಬಿಡಲ್ಲ," ಅಪ್ಪ ನಕ್ಕರು. "ಅಜ್ಜಿ ಮಲಗಿದ್ದಕ್ಕೆ ಸೋಫಾ ಬಂತು. ಈ ಸಲ ಟೀವಿ!"

ನನ್ನ ಪೆಟ್ಟಿಗೆಯ ಪಕ್ಕದಲ್ಲೇ ಅಜ್ಜಿಯದು. ಅದರ ಮುಚ್ಚಳದ ಮೇಲೆ ಇಸ್ತ್ರಿ ಬಟ್ಟೆಯ ರಾಶಿ.

"ಬಾ ಪುಟ್ಟಿ, ಮಲಕ್ಕೋ," ಎಂದಳು ಅಮ್ಮ.

ನಾನು ಒಳಗೆ ಕಾಲಿಡಲಿಲ್ಲ.

"ಅಮ್ಮಾ, ಎರಡು ಮಳೆಗಾಲ ಹೋಯ್ತು. ನೀವು ಅಜ್ಜೀನ ಎಬ್ಬಿಸಲೇ ಇಲ್ಲ."